ಶೀಘ್ರದಲ್ಲೇ ಬರಲಿರುವ ಬಾರ್ಬಾ ಪ್ರೋದ್ರೊಮೊಸ್

ನಮ್ಮೂರಿನ ಬಯಲು ಟಾಕೀಸಿನಲ್ಲಿ ನನಗೆ ಎರಡು ಕೆಲಸ. ಒಂದು, ಕತ್ತಲಾಗುತ್ತಲೇ ಪ್ರೊಜೆಕ್ಟರಿನ ಗುಂಡಿ ಒತ್ತುವುದು. ಎರಡು, ಸಿನಿಮಾ ಮುಗಿದ ಮೇಲೆ ಅದೇ ಗುಂಡಿಯನ್ನು ಇನ್ನೊಮ್ಮೆ ಒತ್ತುವುದು. ಇಷ್ಟಕ್ಕಾಗಿ ನಾನು ಥೆಸಲೊನೀಕಿ ಎಂಬ ದೊಡ್ಡ ಊರಿಗೆ ಹೋಗಿ ವರ್ಷಗಟ್ಟಲೆ ಸಿನಿಮಾ ಶಾಸ್ತ್ರ ಓದಿ ಬಂದವನು. ಅಲ್ಲಿ ಕಲಿತದ್ದೇನೆಂದರೆ ಕಾರಣ ಸಮೇತ ಆಕಳಿಸುವುದು. ಮಾಲೀಕರಾದ ಮೆನೆಲಾಓಸ್ ಅವರಿಗೆ ಸಂಬಳದ ದಿನ ಬಂದಾಗಲೆಲ್ಲ ಈ ಎರಡು ಒತ್ತುಗಳ ನಡುವೆ ಅನೆಸ್ತಿಸ್ ಎಂಬ ಹೆಸರಿನ ನಾನೆಂಬ ಪ್ರಾಣಿ ಏನು ಮಾಡುತ್ತಿರುತ್ತದೆ ಎಂಬ ಅನುಮಾನ ಕಾಡುತ್ತಿತ್ತು. ಹಾಗಾಗಿ ಮೂರನೆಯದೊಂದು ಕೆಲಸ ಹಚ್ಚಿದರು: ಸಿನಿಮಾ ಕಂಪನಿಯವರು ಕಳಿಸುವ ಟ್ರೈಲರನ್ನು ಕತ್ತರಿಸಿ, ಜನ ಬಸ್ಸಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ನೋಡಿ ಮುಗಿಸುವಷ್ಟು ಚಿಕ್ಕದು ಮಾಡುವುದು.

ನಾನು ಚೆನ್ನಾಗಿಯೇ ಮಾಡುತ್ತಿದ್ದೆ. ಒಳ್ಳೆಯವನು ಯಾರು, ಕೆಟ್ಟವನು ಯಾರು, ಸಾಯುವವನು ಯಾರು, ಸತ್ತವನು ಎದ್ದು ಬರುವುದು ಹೇಗೆ, ಎಲ್ಲವೂ ಅರ್ಧ ನಿಮಿಷದಲ್ಲಿ ಇರುತ್ತಿತ್ತು. ನನ್ನ ಅಮ್ಮ ಅದನ್ನು ನೋಡಿ, "ಚೆನ್ನಾಗಿದೆ ಮಗನೇ, ಇನ್ನು ಸಿನಿಮಾಕ್ಕೆ ಹೋಗೋ ಖರ್ಚು ಉಳೀತು" ಅಂದಳು. ಅದನ್ನು ನಾನು ಬಹಳ ದಿನ ಹೊಗಳಿಕೆ ಎಂದೇ ನಂಬಿಕೊಂಡಿದ್ದೆ.

ಟಾಕೀಸಿನ ಹೆಸರು 'ಫೆಂಗಾರಿ', ಅಂದರೆ ಚಂದ್ರ. ಬೇಸಿಗೆಯಲ್ಲಿ ಮಾತ್ರ ನಡೆಯುತ್ತದೆ. ನೆಲಕ್ಕೆ ಜಲ್ಲಿ, ಮೇಲೆ ಆಕಾಶ, ಮೂರು ಕಡೆ ಮನೆಗಳ ಬಾಲ್ಕನಿ. ಬಾಲ್ಕನಿಯವರು ಟಿಕೆಟ್ ಕೊಳ್ಳುವುದಿಲ್ಲ, ಆದರೆ ಶಬ್ದ ಕಡಿಮೆಯಾದರೆ ಮೊದಲು ಕೂಗುವವರು ಅವರೇ.

ಇಲ್ಲಿ ನನಗಿಂತ ಮುಂಚೆ ಟ್ರೈಲರಿನ ಖಾತೆ ಬಾರ್ಬಾ ಪ್ರೋದ್ರೊಮೊಸ್ ಅವರದು. ಬಾರ್ಬಾ ಎಂದರೆ ನಮ್ಮಲ್ಲಿ ಊರಿಗೆಲ್ಲ ಚಿಕ್ಕಪ್ಪನಾದವರು. ಪ್ರೋದ್ರೊಮೊಸ್ ಎನ್ನುವುದು ಸಂತ ಯೋಹಾನನ ಬಿರುದು. ಹಿಂದೆ ದೊಡ್ಡವರೊಬ್ಬರು ಬರುತ್ತಿದ್ದಾರೆ ಎಂದು ತಾನು ಮುಂದೆ ಬಂದು ಸಾರಿದವನು ಆತ. ಒಟ್ಟಿನಲ್ಲಿ ದೇವರು ತೋರಿಸಿದ ಮೊದಲ ಟ್ರೈಲರು. ಕೂಸನ್ನು ನೀರಿನಲ್ಲಿ ಮುಳುಗಿಸಿ ಹೆಸರಿಟ್ಟ ಪಾದ್ರಿಗೆ ಇದು ಮುಂದೆ ಯಾವ ಹೊಟ್ಟೆಪಾಡು ಹಿಡಿಯಲಿದೆ ಎಂದು ಅದು ಹೇಗೆ ಹೊಳೆಯಿತೋ!

ಆ ಕಾಲಕ್ಕೆ ನಮ್ಮಂಥ ಸಣ್ಣ ಊರಿಗೆ ಸಿನಿಮಾ ಡಬ್ಬಿ ಬಂದರೆ ಅದೇ ಪುಣ್ಯ; ಟ್ರೈಲರೆಲ್ಲ ದೊಡ್ಡ ಊರುಗಳಲ್ಲೇ ಉಳಿದುಬಿಡುತ್ತಿತ್ತು. ಆದ್ದರಿಂದ ಬಾರ್ಬಾ ತಾವೇ ಟ್ರೈಲರಾದರು. ಅವರ ಹತ್ತಿರ ಮೂರು ಗಾಲಿಯ ಸಾಮಾನು ಗಾಡಿಯೊಂದಿತ್ತು, ಈಗಲೂ ಇದೆ. ಅದರ ತಲೆಯ ಮೇಲೆ ದತ್ತೂರಿ ಹೂವಿನಂಥ ಮೈಕು. ಗಾಡಿಯ ಕೀ ತಿರುಗಿಸಿದರೆ ಎಂಜಿನ್ನಿನ ಜೊತೆ ಮೈಕೂ ಹತ್ತಿಕೊಳ್ಳುತ್ತಿತ್ತು. ಯಾವುದೋ ತಂತಿಯನ್ನು ಯಾವುದಕ್ಕೋ ಸೇರಿಸಿದ್ದರು, ಅದನ್ನು ಬಿಡಿಸುವ ಧೈರ್ಯ ಊರಿನ ಯಾವ ಮೆಕ್ಯಾನಿಕ್ಕಿಗೂ ಬಂದಿರಲಿಲ್ಲ.

ಬಾರ್ಬಾ ಸಿನಿಮಾ ನೋಡದೆಯೇ ಟ್ರೈಲರ್ ಹೇಳುತ್ತಿದ್ದರು. ಗೋಡೆಗೆ ಹಚ್ಚುವ ಚಿತ್ರವನ್ನು ಒಂದು ಗಳಿಗೆ ದಿಟ್ಟಿಸಿದರೆ ಸಾಕು. ಒಮ್ಮೆ ಆ ಚಿತ್ರದಲ್ಲಿ ಮುರಿದ ಕಂಬವೊಂದು ಕಂಡಿತಂತೆ. "ಭೂಕಂಪ! ನಗರ ನೆಲಸಮ!" ಎಂದು ಊರೆಲ್ಲ ಸಾರಿಬಿಟ್ಟರು. ಜನ ಕಿಕ್ಕಿರಿದು ಬಂದರು. ನೋಡಿದರೆ ಅದು ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡುವ ಇಬ್ಬರು ಬಡಪಾಯಿಗಳ ಪ್ರೇಮದ ಕಥೆ. ಕಟ್ಟಡ ಹೋಗಲಿ, ಒಂದು ಕಪ್ಪು ಕೂಡ ಒಡೆಯಲಿಲ್ಲ. ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು. ಹೊರಗೆ ಬಂದ ಗಂಡಸರು ಬಾರ್ಬಾ ಅವರನ್ನು ಹುಡುಕಿ ಕಾಲರು ಹಿಡಿದಾಗ, "ಒಳಗೆ ನಡುಗ್ತೋ ಇಲ್ವೋ? ನಿಜ ಹೇಳಿ" ಎಂದು ಬಾರ್ಬಾ ಕೇಳಿದರಂತೆ. ಕಾಲರು ಬಿಟ್ಟರಂತೆ.

ಆದರೆ ಅವರ ನಿಜವಾದ ಕೈಚಳಕ ಇದ್ದದ್ದು ಸುಳ್ಳಿನಲ್ಲಲ್ಲ, ನಿಲ್ಲಿಸುವುದರಲ್ಲಿ. ಗಾಡಿಯನ್ನು ಬೇಕರಿಯ ಮುಂದಿನ ಕೂಡುರಸ್ತೆಗೆ ತಂದು ಎಂಜಿನ್ ಗುರುಗುಡಿಸುತ್ತ ಶುರು ಮಾಡುತ್ತಿದ್ದರು:

"ಮಹಾಜನರೇ! ಅವಳು ಬಾಗಿಲು ತೆರೆದಳು. ಒಳಗೆ ದೀಪವಿಲ್ಲ. ಕೈ ಚಾಚಿದಳು. ಆ ಕತ್ತಲಲ್ಲಿ ಅವಳ ಕೈಗೆ ತಗಲಿದ್ದು—"

ಗೇರು ಬೀಳುತ್ತಿತ್ತು. ಗಾಡಿ ಹೊರಟೇಬಿಡುತ್ತಿತ್ತು.

"ಲೋ, ಏನ್ ತಗಲ್ತೋ? ಹೇಳಿ ಸಾಯೋ!" ಎಂದು ಬಾಲ್ಕನಿಗಳಿಂದ ಕೂಗು.

"ಶನಿವಾರ! ಫೆಂಗಾರಿ!" ಎಂದು ತಿರುವಿನಾಚೆಯಿಂದ ಮೈಕು.

ಬೇಕರಿಯಾಕೆ ಒಮ್ಮೆ ಹಿಟ್ಟಿನ ಕೈಯಲ್ಲೇ ಎರಡು ಬೀದಿ ಅಟ್ಟಿಸಿಕೊಂಡು ಹೋದಳಂತೆ. ಶನಿವಾರ ನೋಡಿದರೆ ಕೈಗೆ ತಗಲಿದ್ದು ಕೊಡೆ. "ಥೂ, ಬರೀ ಕೊಡೆ!" ಎಂದು ಮನೆಯವರೆಗೂ ಬೈದುಕೊಂಡಳು. ಮುಂದಿನ ಶನಿವಾರ ಮೊದಲ ಸಾಲಿನಲ್ಲಿ ಕೂತಿದ್ದವಳೂ ಅವಳೇ.

ಈಗ ಬಾರ್ಬಾ ಎಪ್ಪತ್ತು ದಾಟಿದ್ದಾರೆ. ಗೇಟಿನಲ್ಲಿ ನಿಂತು ಟಿಕೆಟ್ ಹರಿಯುತ್ತಾರೆ, ಗಾಡಿಯಲ್ಲಿ ಕ್ಯಾಂಟೀನಿಗೆ ಸೋಡಾ ಪೆಟ್ಟಿಗೆ ತಂದು ಹಾಕುತ್ತಾರೆ. ಕ್ಯಾಂಟೀನು ಕಿರಿಯಾ ಪಾರ್ಥೆನಾ ಅವರದು; ಕಿರಿಯಾ ಎಂದರೆ ನಮ್ಮಲ್ಲಿ ಶ್ರೀಮತಿ. ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದವರು. ಅವರು ಮಾಡುವ ತಿರೋಪಿತ, ಅಂದರೆ ಒಳಗೆ ಚೀಸು ಹೊರಗೆ ಗರಿಗರಿ ಪದರ, ಅದಕ್ಕಾಗಿಯೇ ಟಿಕೆಟ್ ಕೊಂಡು ಬಂದು ಪರದೆಗೆ ಬೆನ್ನು ಹಾಕಿ ಕೂರುವವರಿದ್ದಾರೆ.

ಈ ಇಬ್ಬರ ವಿಷಯ ಊರಿಗೆಲ್ಲ ಗೊತ್ತು. ಸುಮಾರು ಮೂವತ್ತು ವರ್ಷದ ಹಿಂದೆ ಒಂದು ಸಂಜೆ ಬಾರ್ಬಾ ಕ್ಯಾಂಟೀನಿನ ಕಟ್ಟೆಗೆ ಮೊಣಕೈ ಊರಿ, "ಪಾರ್ಥೆನಾ, ಈ ಸಲ ಟಾಕೀಸು ಮುಚ್ಚಿದ ಮೇಲೆ ನಾನೂ ನೀನೂ—" ಎಂದರಂತೆ. ಇಂಟರ್ವೆಲ್ಲಿನ ಗಂಟೆ ಹೊಡೆಯಿತು. ಜನ ಮುಗಿಬಿದ್ದರು. ಮಾರನೆಯ ದಿನ ಆಕೆ ಕೂದಲು ನೀಟಾಗಿ ಬಾಚಿಕೊಂಡು ಕಾದರು. ಇವರು ಬಂದು, "ಈ ವರ್ಷ ಸೆಕೆ ಜಾಸ್ತಿ ಅಲ್ವಾ?" ಎಂದು ಕೇಳಿ ಹೋದರು. ಅಲ್ಲಿಂದೀಚೆಗೆ ಪ್ರತಿ ಬೇಸಿಗೆಯೂ ಒಂದಲ್ಲ ಒಂದು ದಿನ ಆ ವಾಕ್ಯ ಶುರುವಾಗುತ್ತದೆ, 'ನೀನೂ' ಎಂಬಲ್ಲಿ ಗೇರು ಬೀಳುತ್ತದೆ. ಪರದೆಯ ಮೇಲೆ ಮುಂದಿನ ಸಿನಿಮಾ ತೋರಿಸುವ ಮುನ್ನ 'ಪ್ರೊಸೆಹೋಸ್' ಎಂದು ಬರುತ್ತದಲ್ಲ, 'ಶೀಘ್ರದಲ್ಲೇ' ಎಂದು, ಊರವರು ಅದನ್ನೇ ಬಾರ್ಬಾಗೆ ಅಡ್ಡಹೆಸರು ಮಾಡಿದರು. "ಶೀಘ್ರದಲ್ಲೇ ಬಂದ್ರು, ದಾರಿ ಬಿಡ್ರೋ" ಎನ್ನುತ್ತಿದ್ದರು.

ಪ್ರತಿ ಸಂಜೆ ಬಾರ್ಬಾ ಒಂದು ಪೊಟ್ಟಣ ಕುಂಬಳ ಬೀಜ ಕೊಳ್ಳುತ್ತಾರೆ. ಅದಕ್ಕೆ ನಮ್ಮಲ್ಲಿ 'ಪಾಸಾತೆಂಪೊ' ಎಂದೇ ಹೆಸರು. ಟೈಂಪಾಸು ಅಂತಲೇ ಅರ್ಥ. ಕಿರಿಯಾ ಪಾರ್ಥೆನಾ ಪೊಟ್ಟಣವನ್ನು ಕಟ್ಟೆಯ ಮೇಲೆ ಕುಕ್ಕುತ್ತಾರೆ.

"ತಗೋ ನಿನ್ನ ಟೈಂಪಾಸು. ಮೂವತ್ತು ವರ್ಷದಿಂದ ಇಲ್ಲಿ ಅದೇ ತಾನೇ ಮಾಡ್ತಿರೋದು!"

ನಾನು ಕೆಲಸಕ್ಕೆ ಸೇರಿದ ಮೇಲೆ ಬಾರ್ಬಾ ಅವರಿಗೂ ನನಗೂ ಟ್ರೈಲರಿನ ಮೇಲೆ ದಿನಕ್ಕೊಂದು ಜಗಳ. ಜುಲೈನಲ್ಲಿ ಒಂದು ಮಧ್ಯಾಹ್ನ ಹೊರಗೆ ಕಲ್ಲಂಗಡಿ ಗಾಡಿ ಬಂದಿತ್ತು. ನಮ್ಮ ಕಡೆ ಕಲ್ಲಂಗಡಿಯವನು ಮೈಕಿನಲ್ಲಿ ಕೂಗುವುದೇ "ಚಾಕು ಹಾಕಿ ಕೊಡ್ತೀನಿ! ಚಾಕು ಹಾಕಿ!" ಎಂದು. ಅಂದರೆ ಕೊಳ್ಳುವ ಮುಂಚೆ ತ್ರಿಕೋನವಾಗಿ ಕುಯ್ದು, ಒಳಗಿನ ಕೆಂಪು ತೋರಿಸುತ್ತಾನೆ.

"ನೋಡಿ ಬಾರ್ಬಾ," ಅಂದೆ ನಾನು. "ಈಗಿನ ಟ್ರೈಲರ್ ಅಂದ್ರೆ ಹೀಗೆ. ಒಳಗೇನಿದೆ ಅಂತ ಕುಯ್ದು ತೋರಿಸ್ತೀವಿ. ಜನಕ್ಕೆ ನಂಬಿಕೆ ಬರುತ್ತೆ."

ಬಾರ್ಬಾ ಒಂದು ಹಣ್ಣೆತ್ತಿ ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದರು. "ಕುಯ್ದ ಹಣ್ಣಿಗೆ ನೊಣ ಬರುತ್ತೆ ಕಣೋ, ಗಿರಾಕಿ ಅಲ್ಲ. ಹಣ್ಣು ತಟ್ಟಬೇಕು. ಸದ್ದು ಕೇಳಿಸ್ಬೇಕು. ಒಳಗೆ ಕೆಂಪೋ ಬಿಳಿಯೋ ಅಂತ ಮನೇವರೆಗೂ ಅವನ ಎದೆ ಹೊಡ್ಕೋಬೇಕು."

"ಮನೇಲಿ ಬಿಳಿ ಬಂದ್ರೆ?"

"ಬೈತಾನೆ. ನಾಳೆ ಬಂದು ಇನ್ನೊಂದು ತಗೋತಾನೆ."

ಕ್ಯಾಂಟೀನಿನ ಕಿಟಕಿಯಿಂದ ಕಿರಿಯಾ ಪಾರ್ಥೆನಾ ತಲೆ ಹೊರಹಾಕಿದರು. "ಹುಡುಗ ಹೇಳೋದೇ ಸರಿ. ನಾನಂತೂ ಚಾಕು ಹಾಕದೆ ತಗೊಳ್ಳಲ್ಲಪ್ಪ. ಕೆಲವರು ತಟ್ಟೀ ತಟ್ಟೀ ಹಣ್ಣೇ ಕೊಳೆತುಹೋಯ್ತು."

ಬಾರ್ಬಾ ಹಣ್ಣನ್ನು ಗಾಡಿಯಲ್ಲಿ ಮೆಲ್ಲಗೆ ಇಟ್ಟು ಗೇಟಿನ ಕಡೆ ನಡೆದರು. ಆಕೆ ನನ್ನ ಪಕ್ಷ ವಹಿಸಿದರಲ್ಲ ಎಂದು ನಾನು ಬೀಗಿದೆ. ಹಣ್ಣಿನ ಮಾತೇ ಅಲ್ಲ ಅದು ಎಂದು ನನಗೆ ಹೊಳೆಯಲಿಲ್ಲ. ಹೇಳಿದೆನಲ್ಲ, ನಾನು ಓದಿದವನು.

ಆಗಸ್ಟಿನಲ್ಲಿ ಮಾತೆ ಮರಿಯಳ ಹಬ್ಬ ಮುಗಿದ ಮೇಲೆ ಕಿರಿಯಾ ಪಾರ್ಥೆನಾ ಒಂದು ಸಂಜೆ ಹಿಟ್ಟು ಲಟ್ಟಿಸುತ್ತಲೇ ಸುದ್ದಿ ಹೇಳಿದರು. ಸ್ಟುಟ್‌ಗಾರ್ಟಿನಲ್ಲಿ ಅವರ ತಂಗಿಯ ಹೋಟೆಲಿದೆ. ತಿರೋಪಿತ ಮಾಡಲು ಕೈ ಬೇಕಂತೆ. ಟಾಕೀಸಿನ ಕೊನೆಯ ಆಟ ಮುಗಿದ ಮಾರನೆಯ ಬೆಳಿಗ್ಗೆ ಬಸ್ಸು.

"ಯಾವಾಗ ವಾಪಸ್ಸು?" ಎಂದರು ಬಾರ್ಬಾ. ಕೈಯಲ್ಲಿ ಸೋಡಾ ಪೆಟ್ಟಿಗೆ ಹಾಗೇ ಇತ್ತು.

"ಶೀಘ್ರದಲ್ಲೇ," ಎಂದರು ಆಕೆ. ಲಟ್ಟಣಿಗೆ ನಿಲ್ಲಲಿಲ್ಲ.

ಮಾರನೆಯ ದಿನ ಬಾರ್ಬಾ ನನ್ನ ಪ್ರೊಜೆಕ್ಟರ್ ಗೂಡಿಗೆ ಏದುಸಿರು ಬಿಡುತ್ತ ಹತ್ತಿ ಬಂದರು. ಅಲ್ಲಿ ಒಬ್ಬರಿಗಷ್ಟೇ ಜಾಗ. ಹೊಟ್ಟೆ ಒಳಗೆಳೆದುಕೊಂಡು ನಿಂತರು.

"ಅನೆಸ್ತಿ, ನಂಗೊಂದು ಟ್ರೈಲರ್ ಮಾಡ್ಕೊಡು."

"ಯಾವ ಸಿನಿಮಾದ್ದು ಬಾರ್ಬಾ?"

"ನಂದು."

ಕೊನೆಯ ಭಾನುವಾರ, ಸಿನಿಮಾಕ್ಕೆ ಮುಂಚೆ, ಪರದೆಯ ಮೇಲೆ. ಕ್ಯಾಂಟೀನಿನ ಕಿಟಕಿಯಿಂದ ಪರದೆ ಕಾಣುತ್ತದೆ. ಎದುರು ನಿಂತು ಹೇಳಲು ಆಗದ್ದನ್ನು ಪರದೆ ಹೇಳಲಿ ಎಂದು ಅವರ ಲೆಕ್ಕ. ಒಪ್ಪಿಕೊಂಡೆ. ಅವರ ಮಾತನ್ನು ನನ್ನ ಫೋನಿನಲ್ಲಿ ಹಿಡಿಯಲು ಹೊರಟೆ.

"ಪಾರ್ಥೆನಾ!" ಎಂದು ಶುರು ಮಾಡಿದರು. ಆ ದನಿಗೆ ಗೂಡಿನ ತಗಡು ಝೇಂಕರಿಸಿತು. "ಈ ಸಲ ಟಾಕೀಸು ಮುಚ್ಚಿದ ಮೇಲೆ ನಾನು ನಿನ್ನನ್ನು—"

ನಿಂತಿತು.

"ಮುಂದೆ ಬಾರ್ಬಾ?"

"ಇರು, ಇನ್ನೊಂದ್ಸಲ."

ಇನ್ನೊಂದು ಸಲ, ಮತ್ತೊಂದು ಸಲ. ನೀರು ಕುಡಿಸಿದೆ, ಕಿಟಕಿ ತೆಗೆದೆ, ಕಣ್ಣು ಮುಚ್ಚಿ ಹೇಳಿ ಅಂದೆ. 'ನಿನ್ನನ್ನು' ಬಂದ ಕೂಡಲೇ ಬಲಗೈ ತಾನಾಗಿ ಗೇರು ಹುಡುಕುತ್ತಿತ್ತು. ಜೀವಮಾನವೆಲ್ಲ ಅಲ್ಲೇ ನಿಲ್ಲಿಸಿದ ಗಂಟಲು. ಅದಕ್ಕೆ ಮುಂದಿನ ರಸ್ತೆಯೇ ಗೊತ್ತಿಲ್ಲ. ಕೊನೆಗೆ ಬೆವರು ಒರೆಸಿಕೊಂಡು, "ಅಷ್ಟಕ್ಕೇ ಬಿಡು ಮಗಾ. ಅಲ್ಲಿಗೇ ನಿಲ್ಲಿಸು. ಅವಳಿಗೆ ಅರ್ಥ ಆಗುತ್ತೆ" ಎಂದರು.

ಮೂವತ್ತು ವರ್ಷದಿಂದ ಅರ್ಥವಾಗಿಯೇ ತಾನೇ ಆಕೆ ಬಸ್ಸು ಹಿಡಿಯುತ್ತಿರುವುದು! ಇಲ್ಲಿ ಹೊಸ ಕಾಲದ ವಿದ್ಯೆಯೇ ಬೇಕು ಎಂದು ನಾನು ತೀರ್ಮಾನಿಸಿದೆ. ಬಾರ್ಬಾಗೆ ಹೇಳದೆ ಚಾಕು ಕೈಗೆತ್ತಿಕೊಂಡೆ.

ಗಂಟಲು ಕಟ್ಟಿದ ದಿನಕ್ಕಿರಲಿ ಎಂದು ಬಾರ್ಬಾ ಹಿಂದೆ ಕೆಲವು ಪ್ರಚಾರಗಳನ್ನು ಕ್ಯಾಸೆಟ್ಟಿಗೆ ಹಾಕಿಟ್ಟಿದ್ದರು. ಅದರಲ್ಲೊಂದು ಕಡಲ್ಗಳ್ಳರ ಸಿನಿಮಾದ್ದು. ಕಡಲ್ಗಳ್ಳನ ಪರವಾಗಿ ಬಾರ್ಬಾ ಗುಡುಗುತ್ತಾರೆ: "ಮದುವೆಯಾಗುತ್ತೇನೆ! ತಡೆಯುವವರು ಯಾರು?" ನನಗೆ ಬೇಕಾದ ಪದ ಸಿಕ್ಕಿತು. ಕತ್ತರಿಸಿ ಅಂಟಿಸಿದೆ. ಹಿಂದೆ ತೋಪಿನ ಸದ್ದಿತ್ತು, ಎಷ್ಟು ಉಜ್ಜಿದರೂ ಹೋಗಲಿಲ್ಲ.

ಅಷ್ಟಕ್ಕೆ ಬಿಟ್ಟಿದ್ದರೆ ನಾನು ನಾನಾಗುತ್ತಿರಲಿಲ್ಲ. ಪೂರ್ತಿ ಕಥೆ ಬೇಡವೇ? ಬಾರ್ಬಾ ಅವರ ಮನೆಯ ಚಿತ್ರ ಹಾಕಿದೆ. ಅಂಜೂರದ ಮರ, ಅದರ ಕೆಳಗೆ ಎರಡು ಕುರ್ಚಿ. ಮದುವೆ ಯಾವ ಚರ್ಚಿನಲ್ಲಿ, ಊಟಕ್ಕೆ ಏನು, ಮದುವೆಯ ಸಾಕ್ಷಿ ಯಾರು (ನಾನೇ). ಆಮೇಲೆ ಮಂಡಿನೋವಿಗೆ ಬಿಸಿನೀರ ಬುಗ್ಗೆಗೆ ಇಬ್ಬರ ಪ್ರವಾಸ. ಬಿ.ಪಿ. ನೋಡುವ ಯಂತ್ರ. ಹಾಸಿಗೆಯಲ್ಲಿ ಗೋಡೆಯ ಬದಿ ಯಾರಿಗೆ ಎನ್ನುವುದು. ಕಥೆಗೊಂದು ಅಂತ್ಯ ಬೇಕಲ್ಲ ಎಂದು ಕೊನೆಗೆ ಸ್ಮಶಾನದಲ್ಲಿ ಬಾರ್ಬಾ ಅವರ ಮನೆತನದ ಗೋರಿ. ಅದರಲ್ಲಿ ಇನ್ನೂ ಇಬ್ಬರಿಗೆ ಜಾಗವಿರುವುದನ್ನು ಹತ್ತಿರದಿಂದ ತೋರಿಸಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಇಂಥ ಬಿಗಿಯಾದ ಕೆಲಸ ನಾನು ಹಿಂದೆ ಮಾಡಿರಲಿಲ್ಲ.

ಭಾನುವಾರ ಟಾಕೀಸು ತುಂಬಿತ್ತು, ಬಾಲ್ಕನಿಗಳೂ ತುಂಬಿದ್ದವು. ಬಾರ್ಬಾ ಇಸ್ತ್ರಿ ಅಂಗಿ ತೊಟ್ಟು ಗೇಟಿನಲ್ಲಿ ನಿಂತಿದ್ದರು. ನಾನು ಗುಂಡಿ ಒತ್ತಿದೆ. 'ಪ್ರೊಸೆಹೋಸ್' ಎಂದು ದೊಡ್ಡ ಅಕ್ಷರಗಳು ಬಂದವು. ಕ್ಯಾಂಟೀನಿನ ಕಿಟಕಿಯಲ್ಲಿ ತಲೆಯೊಂದು ಹಣಿಕಿತು.

"ಪಾರ್ಥೆನಾ! ಈ ಸಲ ಟಾಕೀಸು ಮುಚ್ಚಿದ ಮೇಲೆ ನಾನು ನಿನ್ನನ್ನು" ಎಂದು ಮುದುಕನ ಒಡಕು ದನಿ ಬಂತು. ಅದರ ಬಾಲ ಹಿಡಿದು ನಲವತ್ತರ ಗಂಡಸಿನ ಗುಡುಗು: "ಮದುವೆಯಾಗುತ್ತೇನೆ!" ಮತ್ತು ಢಮಾರ್ ಎಂದು ತೋಪು.

ಅಂಜೂರದ ಮರಕ್ಕೆ ಚಪ್ಪಾಳೆ ಬಿತ್ತು. ಬಿಸಿನೀರ ಬುಗ್ಗೆಗೆ ಸಿಳ್ಳೆ. ಗೋರಿ ಬಂದಾಗ ಬಾಲ್ಕನಿಯಿಂದ ಒಬ್ಬಾಕೆ, "ಪಾರ್ಥೆನಾ, ಜಾಗ ಚೆನ್ನಾಗಿದೆ ಕಣೇ, ನೆರಳಿದೆ!" ಎಂದು ಕೂಗಿದಳು.

ಪರದೆ ಬೆಳ್ಳಗಾಯಿತು. ಕಿರಿಯಾ ಪಾರ್ಥೆನಾ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಜಲ್ಲಿಯ ಮೇಲೆ ನಿಂತರು. ಮುಖ ಕೆಂಪಾಗಿತ್ತು. ಒಲೆಯ ಕಾವೋ, ಬೇರೆಯದೋ.

"ಚೆನ್ನಾಗಿದೆ," ಎಂದರು. "ಮದುವೆ ಆಯ್ತು, ಊಟ ಆಯ್ತು, ಮಂಡಿನೋವು ಆಯ್ತು, ಮಣ್ಣೂ ಆಯ್ತು. ಸಿನಿಮಾ ಪೂರ್ತಿ ನೋಡಿದ ಹಾಗಾಯ್ತಲ್ಲ, ಇನ್ನು ನಾನ್ಯಾಕೆ ಟಿಕೆಟ್ ತಗೊಳ್ಳಲಿ?"

ಟಾಕೀಸು ಗೊಳ್ಳೆಂದು ನಕ್ಕಿತು. ನನ್ನ ಅಮ್ಮನ ಮಾತು ಆಗ ನನಗೆ ಅರ್ಥವಾಯಿತು. ಗೂಡಿನ ಕಿಂಡಿಯಿಂದ ನೋಡಿದೆ, ಬಾರ್ಬಾ ಗೇಟಿನಲ್ಲಿರಲಿಲ್ಲ. ಇಸ್ತ್ರಿ ಅಂಗಿ ಕತ್ತಲಲ್ಲಿ ಗಾಡಿಯ ಕಡೆ ಹೋಗುತ್ತಿತ್ತು. ಇನ್ನು ಮುಗಿಯಿತು, ಬೆಳಿಗ್ಗೆ ಬಸ್ಸು ಹೊರಡುತ್ತದೆ, ಇಬ್ಬರ ಬಾಳಿಗೂ ಕತ್ತರಿ ಹಾಕಿದವನು ನಾನೇ ಎಂದುಕೊಂಡೆ.

ಊರಿನಿಂದಲೇ ಓಡಿಹೋಗಲು ಬಾರ್ಬಾ ಕೀ ತಿರುಗಿಸಿದರು. ಕೀ ತಿರುಗಿದರೆ ಮೈಕೂ ಹತ್ತಿಕೊಳ್ಳುತ್ತದೆ. ಆ ಗಾಬರಿಯಲ್ಲಿ ಅವರಿಗೆ ಅದರ ನೆನಪಿಲ್ಲ. ತಮ್ಮಷ್ಟಕ್ಕೆ ತಾವು ಗೊಣಗಿಕೊಂಡದ್ದು ಟಾಕೀಸಿಗೆಲ್ಲ ಕೇಳಿಸಿತು:

"ಎಲ್ಲಾ ಹಾಕ್ಬಿಟ್ಟ ಆ ಹುಡುಗ... ಗೋರೀನೂ ಹಾಕ್ದ. ಅದೊಂದನ್ನ ಮಾತ್ರ ಬಿಟ್ಟ. ಅದು ಅವನಿಗೇನು ಗೊತ್ತು, ಯಾರಿಗೂ ಗೊತ್ತಿಲ್ಲ. ಆವತ್ತು ಮಳೆ ಬಂದು ಆಟ ನಿಂತುಹೋದಾಗ, ಇವಳು ಕ್ಯಾಂಟೀನಿನ ಕದ ಹಾಕ್ಕೊಂಡು ಒಬ್ಬಳೇ ಹಾಡ್ತಿದ್ಲು. ನಾನು ಹೊರಗೆ ನೆನೀತಾ ನಿಂತು—"

ಗೇರು ಬಿತ್ತು. ಗಾಡಿ ಹೊರಟಿತು.

"ನಿಂತು?" ಎಂದರು ಕಿರಿಯಾ ಪಾರ್ಥೆನಾ.

ಬಾಲ್ಕನಿಗಳೆಲ್ಲ ಕಂಬಿಯ ಮೇಲೆ ಬಾಗಿದವು.

"ಲೋ ಪ್ರೋದ್ರೊಮೊಸ್! ನಿಂತು ಏನ್ ಮಾಡ್ದೆ? ಲೋ!" ಆಕೆ ಏಪ್ರನ್ನು ಎತ್ತಿಕಟ್ಟಿ ಓಡಿದರು. ಆ ಗಾಡಿ ಏರುದಾರಿಯಲ್ಲಿ ಮನುಷ್ಯರ ನಡಿಗೆಗಿಂತ ಜೋರಾಗಿ ಎಂದೂ ಹೋದದ್ದಲ್ಲ. ಬೇಕರಿಯ ತಿರುವಿನಲ್ಲಿ ಬಾಗಿಲು ಬಡಿದ ಸದ್ದಾಯಿತು. ಆಮೇಲೆ ಮೈಕಿನಲ್ಲಿ ಆಕೆಯ ಏದುಸಿರು: "ಹೇಳು. ನಿಂತು?"

"ಮೈಕ್ ಹತ್ತಿದೆ ಕಣೇ..."

"ಹತ್ತಿರಲಿ. ಹೇಳು."

ಟಪ್. ಎಂಜಿನ್ನೂ ನಿಂತಿತು, ಮೈಕೂ ಆರಿತು.

"ಅಯ್ಯೋ!" ಎಂದಿತು ಇಡೀ ಟಾಕೀಸು, ಒಂದೇ ಬಾಯಲ್ಲಿ. ಅಷ್ಟು ಜನ ಒಟ್ಟಿಗೆ ಹಾಗೆ ನರಳಿದ್ದನ್ನು ಯಾವ ಸಿನಿಮಾಕ್ಕೂ ನಾನು ಕೇಳಿಲ್ಲ. ಆಮೇಲೆ ಸಿನಿಮಾ ಹಾಕಿದೆ. ಒಬ್ಬರೂ ಪರದೆ ನೋಡಲಿಲ್ಲ, ಎಲ್ಲರ ಕುತ್ತಿಗೆ ತಿರುವಿನ ಕಡೆಗೇ. ಇಂಟರ್ವೆಲ್ಲಿನಲ್ಲಿ ಕ್ಯಾಂಟೀನು ನನ್ನ ತಲೆಗೆ ಬಂತು. ಎರಡು ತಟ್ಟೆ ತಿರೋಪಿತ ಸುಟ್ಟು ಇದ್ದಲಾಯಿತು. ಮೆನೆಲಾಓಸ್ ಅವರು ನನ್ನ ಕೆಲಸಗಳ ಪಟ್ಟಿಗೆ ಅದನ್ನೂ ಸೇರಿಸಿದರು.

ಬೆಳಗಿನ ಬಸ್ಸು ಒಂದು ಸೀಟು ಖಾಲಿ ಬಿಟ್ಟುಕೊಂಡು ಹೋಯಿತು. ಕಿರಿಯಾ ಪಾರ್ಥೆನಾ ಸ್ಟುಟ್‌ಗಾರ್ಟಿಗೆ ಫೋನು ಮಾಡಿ, "ಬರ್ತೀವಿ ಕಣೇ, ಶೀಘ್ರದಲ್ಲೇ" ಎಂದರು. ತಂಗಿ ಅದರ ಅರ್ಥ ಮಾಡಿಕೊಂಡು ಬೇರೆ ಅಡುಗೆಯವಳನ್ನು ಇಟ್ಟುಕೊಂಡಳು.

ಮದುವೆ ಅಕ್ಟೋಬರಿನಲ್ಲಿ ಆಯಿತು. ಸಾಕ್ಷಿ ನಾನೇ, ಟ್ರೈಲರಿನ ಆ ಮಾತೂ ನಿಜವಾಯಿತು. ನಮ್ಮ ಚರ್ಚಿನ ಮದುವೆಯಲ್ಲಿ ಗಂಡು 'ಹೂಂ' ಎಂದು ಸಹ ಹೇಳಬೇಕಿಲ್ಲ, ಮಾತೆಲ್ಲ ಪಾದ್ರಿಯದೇ. ಇಲ್ಲದಿದ್ದರೆ ಇವರು ಅಲ್ಲೂ ಅರ್ಧಕ್ಕೆ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸುತ್ತಿದ್ದರು. ಪಾದ್ರಿ "ಹೆಂಡತಿಯು ಗಂಡನಿಗೆ ಅಂಜಿ ನಡೆಯಲಿ" ಎಂದು ಓದುವಾಗ ಹೆಣ್ಣು ಗಂಡಿನ ಕಾಲು ತುಳಿಯುವುದು ವಾಡಿಕೆ, ತಮಾಷೆಗೆ, ಮೆಲ್ಲಗೆ. ಕಿರಿಯಾ ಪಾರ್ಥೆನಾ ಮೂವತ್ತು ವರ್ಷದ ಬಾಕಿಯನ್ನು ಒಂದೇ ಹಿಮ್ಮಡಿಯಲ್ಲಿ ತೀರಿಸಿದರು.

"ಅಯ್ಯಯ್ಯೋ, ಇವಳು ನನ್ನ ಕಾಲಿನ ಹೆಬ್ಬೆರಳು ಮುರಿದುಬಿಟ್ಟಳು!" ಎಂದರು ಬಾರ್ಬಾ.

ಚರ್ಚಿನಲ್ಲಿ ಚಪ್ಪಾಳೆ ಶುರುವಾಯಿತು. ಪಾದ್ರಿಗೆ ಯಾಕೆಂದು ತಿಳಿಯಲಿಲ್ಲ. ನಮಗೆಲ್ಲ ತಿಳಿದಿತ್ತು, ಅವರ ಬಾಯಿಂದ ಆದಿ ಅಂತ್ಯವಿರುವ ವಾಕ್ಯವನ್ನು ಊರು ಕೇಳಿದ್ದು ಅದೇ ಮೊದಲು.

ಆ ಮಳೆಯಲ್ಲಿ ಹೊರಗೆ ನಿಂತು ಏನು ಮಾಡಿದರು ಎನ್ನುವುದು ಮಾತ್ರ ಇವತ್ತಿಗೂ ಹೊರಬಿದ್ದಿಲ್ಲ. ಬೇಕರಿಯಾಕೆ ದಿನಾ ಕೇಳುತ್ತಾಳೆ. ನಾನೂ ಕೇಳಿದೆ. ಬಾರ್ಬಾ ಬಾಯಿ ತೆರೆದರು. ಕ್ಯಾಂಟೀನಿನ ಕಿಟಕಿಯಿಂದ ಕುಂಬಳ ಬೀಜದ ಪೊಟ್ಟಣವೊಂದು ಹಾರಿ ಬಂದು ನನ್ನ ತಲೆಗೆ ಬಡಿಯಿತು.

"ಸುಮ್ನೆ ಅದನ್ನ ತಿಂತಾ ಇರು," ಎಂದರು ಕಿರಿಯಾ ಪಾರ್ಥೆನಾ.